ವರ್ಷಕ್ಕೆ ಎರಡು ಬೆರಳು

ಔಷಧಿ ಅಂಗಡಿ ದಾಟುವಾಗ ಕಾಲು ತಾನಾಗಿಯೇ ಎಡಕ್ಕೆ ಸರಿಯಿತು, ಅಲ್ಲೊಂದು ಗುಂಡಿ ಇರಬೇಕಿತ್ತು, ನಾಲ್ಕು ಹನಿ ಬಿದ್ದರೆ ಸಾಕು ಪಾದ ಮುಳುಗುವ ಗುಂಡಿ, ಈಗಿಲ್ಲ, ಸಿಮೆಂಟು ಸುರಿದು ಮುಚ್ಚಿ ಅದರ ಮೇಲೆ ಯಾರೋ ಸ್ಕೂಟರು ನಿಲ್ಲಿಸಿದ್ದಾರೆ, ಆದರೂ ಕಾಲು ಸರಿಯಿತು, ಏಳು ವರ್ಷ ಕಳೆದ ಸುದ್ದಿ ಕಾಲಿಗೆ ಇನ್ನೂ ಮುಟ್ಟಿಲ್ಲ ಎಂದುಕೊಂಡು ಅವಳಿಗೆ ಒಳಗೊಳಗೇ ನಗು ಬಂತು, ನಗುತ್ತಲೇ ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿದಳು. ಹಗುರವಾದ ಚೀಲ, ದೊಡ್ಡ ಪೆಟ್ಟಿಗೆ ದಾರಿಯಲ್ಲೆಲ್ಲೋ ಬೇರೆ ವಿಮಾನ ಹತ್ತಿದೆಯಂತೆ, ನಾಳೆಯೋ ನಾಡಿದ್ದೋ ಮನೆಗೇ ತಂದುಕೊಡುತ್ತಾರಂತೆ, ತರಲಿ, ಅದರಲ್ಲಿರುವುದು ಸೋಪು, ಚಾಕೊಲೇಟು, ಇಷ್ಟು ವರ್ಷ ಮಗಳನ್ನೂ ಹೊಲಿಗೆ ಅಂಗಡಿಯನ್ನೂ ನೋಡಿಕೊಂಡ ತಂಗಿಗೊಂದು ಕತ್ತರಿ, ಮುಖ್ಯವಾದದ್ದು ಈ ಚೀಲದಲ್ಲೇ ಇದೆ, ಪ್ಲಾಸ್ಟಿಕ್ಕಿನ ತೆಳು ಲಕೋಟೆಯೊಳಗೆ ನಾಲ್ಕು ಪುಟ, ತಾನು ದುಡಿಯುವ ದೇಶಕ್ಕೆ ಮಗಳನ್ನು ಕರೆಸಿಕೊಳ್ಳುವ ಅರ್ಜಿ, ಮೂರು ಪುಟ ತುಂಬಿಯಾಗಿದೆ, ನಾಲ್ಕನೆಯದರಲ್ಲಿ ಅವಳ ಸಹಿಯ ಕೆಳಗೆ ಒಂದು ಖಾಲಿ ಗೆರೆ, ಅದು ಮಗಳದು. ಹದಿನಾರು ತುಂಬಿದವರು ತಾವೇ ಒಪ್ಪಿ ಸಹಿ ಹಾಕಬೇಕು, ಹದಿನೆಂಟು ದಾಟಿದರೆ ತಾಯಿ ಹಿಂದೆ ಬರುವ ದಾರಿಯೇ ಮುಚ್ಚಿತು, ಗೊತ್ತಾಯಿತಾ ಎಂದು ಆ ದೇಶದ ಕಚೇರಿಯ ಕಿಟಕಿಯವಳು ಎರಡೆರಡು ಸಲ ಹೇಳಿದ್ದಳು, ಗೊತ್ತಾಯಿತು ತಾಯಿ, ಗೊತ್ತಾಗದೆ ಏನು, ಇಪ್ಪತ್ತು ದಿನ ರಜೆ, ಇಪ್ಪತ್ತು ದಿನದಲ್ಲಿ ಒಂದು ಸಹಿ, ಅಷ್ಟೇ ತಾನೇ — ಹೆತ್ತ ತಾಯಿ ಬಾ ಅಂದರೆ ಯಾವ ಮಗು ಬರಲ್ಲ ಅನ್ನುತ್ತದೆ.

ಸಂಜೆಗೆ ಬರುತ್ತೇನೆಂದು ಹೇಳಿ ಮಧ್ಯಾಹ್ನಕ್ಕೇ ಬಂದಿದ್ದಾಳೆ, ಬೇಕೆಂದೇ, ಹಿಂದಿನಿಂದ ಹೋಗಿ ಮಗಳ ಕಣ್ಣು ಮುಚ್ಚಬೇಕು, ಯಾರು ಹೇಳು ನೋಡೋಣ ಅನ್ನಬೇಕು, ದಾರಿಯುದ್ದಕ್ಕೂ ಅದೊಂದೇ ಕನಸು, ಆದರೆ ಆ ಕನಸಿನಲ್ಲಿ ಅವಳು ಬಗ್ಗಿರುತ್ತಾಳೆ, ಒಂಬತ್ತು ವರ್ಷದವಳ ಕಣ್ಣಿಗೆ ಕೈ ಎಟುಕಿಸಲು ಎಷ್ಟು ಬೇಕೋ ಅಷ್ಟು, ಈಗ ಬಗ್ಗಬೇಕಿಲ್ಲವೇನೋ, ತುದಿಗಾಲಲ್ಲಿ ನಿಲ್ಲಬೇಕೇನೋ, ಫೋನಿನಲ್ಲಿ ಎತ್ತರ ಯಾರಿಗೆ ತಿಳಿಯುತ್ತದೆ. ಎತ್ತರ ತಿಳಿಯದಿದ್ದರೆ ನೀನೆಂಥ ದರ್ಜಿ, ಎಂದು ತನಗೆ ತಾನೇ ಕೇಳಿಕೊಂಡಳು, ಈ ಬೀದಿಯಲ್ಲಿ ಅವಳಿಗಿದ್ದ ಅಡ್ಡಹೆಸರೇ ಕಣ್ಣಳತೆ, ಅಂಗಡಿಗೆ ಬಂದವರು ಕೋಟು ಬಿಚ್ಚುವ ಮೊದಲೇ ಎದೆ ಮೂವತ್ತೆಂಟು, ತೋಳು ಇಪ್ಪತ್ತಮೂರೂವರೆ ಎಂದು ಹೇಳಿಬಿಡುತ್ತಿದ್ದಳು, ಟೇಪು ಹಿಡಿದು ನೋಡಿದರೆ ಕಾಲಿಂಚು ಆಚೀಚೆ ಇಲ್ಲ, ಕೆಲಸ ಕಲಿಸಿದ ಮುದುಕ ಮಾಸ್ಟರು ಬೇರೆ ದರ್ಜಿಗಳ ಮುಂದೆ ಎದೆಯುಬ್ಬಿಸಿ ಹೇಳುತ್ತಿದ್ದರು, ನಿಮ್ಮದು ಕಣ್ಣು, ಇವಳದು ಕಣ್ಣಲ್ಲ ಕಣ್ರೋ, ಟೇಪು. ಬ್ರೆಡ್ಡಿನ ಅಂಗಡಿಯಿದ್ದಲ್ಲಿ ಈಗ ಮೊಬೈಲು ಅಂಗಡಿ, ಬಟ್ಟೆ ಒಗೆದುಕೊಡುವವನ ಬಾಗಿಲಿಗೆ ಬೀಗ, ಬೀಗದ ಮೇಲೆ ತುಕ್ಕು, ಬಾಗಿಲಿನ ಹಸಿರು ಮಾತ್ರ ಅದೇ ಹಸಿರು, ಮುಂದೆ ನೋಟುಬುಕ್ಕು ಮಾರುವ ಅಂಗಡಿ, ಅಲ್ಲಿಂದ ಒಬ್ಬ ಹುಡುಗಿ ಇಳಿದು ಮುಂದೆ ನಡೆದಳು, ನೀಲಿ ಫ್ರಾಕು, ಬೆನ್ನ ಮೇಲೆ ಬಿಚ್ಚಿದ ಕೂದಲು, ಕಣ್ಣು ಸುಮ್ಮನಿರಬೇಕಲ್ಲ, ಹಳೇ ಚಾಳಿ — ಎದೆ ಮೂವತ್ತಮೂರು, ಸೊಂಟ ಇಪ್ಪತ್ತಾರು, ಬೆನ್ನು ಉದ್ದ, ಬಲ ಹೆಗಲು ಎಡದ್ದಕ್ಕಿಂತ ಅರ್ಧ ಇಂಚು ಕೆಳಗೆ, ಅದೇ ಕೈಯಲ್ಲಿ ದಿನವೂ ಏನೋ ಭಾರ ಹೊರುತ್ತಾಳೆ ಪಾಪ, ಆದರೆ ಈ ಹುಡುಗಿಗೆ ಹೊಲಿದವರು ಜಾಣರು, ತಗ್ಗಿದ ಹೆಗಲಿಗೆ ತಕ್ಕಂತೆ ಆ ಬದಿ ಒಂದಿಷ್ಟು ಎತ್ತಿ ಹೊಲಿದಿದ್ದಾರೆ, ನೋಡಿದವರಿಗೆ ಎರಡೂ ಹೆಗಲು ಸಮ, ಇಂಥ ಕೆಲಸ ಮಾಡಬೇಕಾದರೆ ಮೈಯನ್ನು ಹತ್ತಿರದಿಂದ ಬಲ್ಲವರಾಗಿರಬೇಕು, ವಾರಕ್ಕೊಮ್ಮೆ ಬಂದು ಹೋಗುವ ಗಿರಾಕಿಯ ಮೈಯಲ್ಲಿ ಇದು ಸಿಗುವುದಿಲ್ಲ, ಶಭಾಶ್ ಅನ್ನಬೇಕು ಆ ಕೈಗೆ.

ಓಹೋಹೋ, ಕಣ್ಣಳತೆ ಅಕ್ಕ ಅಲ್ವಾ! ಬೀಗದ ಕೀ ಮಾಡುವವನು, ಅದೇ ಮೂಲೆ, ಅದೇ ಮುರುಕು ಸ್ಟೂಲು, ತಲೆ ಮಾತ್ರ ಪೂರ್ತಿ ಬೆಳ್ಳಗೆ, ಯಾವಾಗ ಬಂದ್ರಿ, ಏನಕ್ಕ ಇಷ್ಟು ಬೆಳ್ಳಗಾಗಿದ್ದೀರಿ, ಆ ದೇಶದಲ್ಲಿ ಸೂರ್ಯ ರಜೆ ಮೇಲಿದ್ದಾನಾ? ನಿಮ್ಮ ತಲೆಯಷ್ಟು ಬೆಳ್ಳಗಾಗಿಲ್ಲ ಬಿಡಿ ಅಂದಳು, ಅವನು ಬಾಯ್ತುಂಬ ನಕ್ಕ, ಮಾತಿಗೆ ಕಮ್ಮಿಯಿಲ್ಲ ಇನ್ನೂ, ಅದ್ಸರಿ, ಏನಿದು ತಾಯಿ ಮಗಳು ಹಿಂದೆ ಮುಂದೆ ಹೋಗ್ತಿದ್ದೀರಿ, ಮುನಿಸಾ? ಯಾವ ಮಗಳು, ಅಂದಳು. ಅವನ ನಗು ಮುಖದ ಮೇಲೇ ನಿಂತುಬಿಟ್ಟಿತು, ಅಲ್ಲಿ, ನೀಲಿ ಬಟ್ಟೆ, ಈಗ ತಾನೇ ನಿಮ್ಮ ಕಣ್ಣೆದುರಿಗೇ ಇಳಿದು ಹೋದಳಲ್ಲಕ್ಕ, ಅಂದ ಅವನು, ಆಮೇಲೆ ಕೈಯಲ್ಲಿದ್ದ ಅರವನ್ನು ಕೀ ಮೇಲೆ ಜೋರಾಗಿ ಉಜ್ಜತೊಡಗಿದ, ಆ ಕೀಗೆ ಅಷ್ಟು ಉಜ್ಜುವ ಅಗತ್ಯವೇನೂ ಇರಲಿಲ್ಲ.

ನೀಲಿ, ಹೌದು, ನೀಲಿ, ಕಳೆದ ಚಳಿಗಾಲದಲ್ಲಿ ಕಳಿಸಿದ್ದು, ಆ ಬಟ್ಟೆಗಾಗಿ ನಾಲ್ಕು ಅಂಗಡಿ ಸುತ್ತಿದ್ದಳು, ಒತ್ತು ನೇಯ್ಗೆ, ನಿನ್ನ ಮಗಳು ಅಜ್ಜಿಯಾದರೂ ಇದು ಸವೆಯಲ್ಲ ಅಂದಿದ್ದ ಅಂಗಡಿಯವನು, ಮುಂದೆ ಹೋಗುತ್ತಿದ್ದ ಹುಡುಗಿ ಕೂದಲನ್ನು ಒಂದೇ ಕೈಯಲ್ಲಿ ತಿರುವಿ ಮುಂದಕ್ಕೆ ಹಾಕಿಕೊಂಡಳು, ಕಾಲರ್ ಕಂಡಿತು, ಇನ್ನು ಅನುಮಾನವೇ ಇಲ್ಲ, ಏಳು ವರ್ಷ ಆ ಕಾರ್ಖಾನೆಯಲ್ಲಿ ಅವಳು ಹೊಲಿದದ್ದು ಕಾಲರ್ ಒಂದೇ, ತೋಳು ಇನ್ನೊಬ್ಬಳದು, ಗುಂಡಿಯ ಕಾಜ ಮತ್ತೊಬ್ಬಳದು, ಇವಳ ಮುಂದೆ ದಿನಕ್ಕೆ ನಾನೂರು ಕುತ್ತಿಗೆ ಬಂದು ಹೋಗುತ್ತಿದ್ದವು, ಮೈ ಒಂದೂ ಇಲ್ಲ, ಇಡೀ ಬಟ್ಟೆ ಹೊಲಿಯುತ್ತಿದ್ದದ್ದು ಭಾನುವಾರ ಮಾತ್ರ, ನಾಲ್ವರ ಕೋಣೆಯಲ್ಲಿ ಮಂಚದ ಮೇಲೆ ಬಟ್ಟೆ ಹರವಿಕೊಂಡು, ಮಗಳಿಗಾಗಿ, ವರ್ಷಕ್ಕೊಂದು. ಕೂಗಬೇಕಿತ್ತು, ಬಾಯಿ ತೆರೆದಿದ್ದಳು ಕೂಡ, ಆದರೆ ಹೆಸರು ಗಂಟಲಲ್ಲಿರುವಾಗಲೇ ನಾಚಿಕೆ ಮೊದಲು ಹೊರಬಂತು, ಯಾರದೋ ಹುಡುಗಿಯೆಂದು ಅಳೆದುಬಿಟ್ಟೆಯಲ್ಲೇ, ಹೆತ್ತವಳು ನೀನು, ಎದೆ ಮೂವತ್ತಮೂರು ಎಂದು — ಮೂವತ್ತಮೂರು? ಈ ಫ್ರಾಕನ್ನು ಅವಳು ಹೊಲಿದದ್ದು ಮೂವತ್ತಕ್ಕೆ. ಮೂವತ್ತಕ್ಕೆ ಹೊಲಿದ ಬಟ್ಟೆ ಮೂವತ್ತಮೂರರ ಮೈಮೇಲೆ ಅಚ್ಚು ಹೊಯ್ದ ಹಾಗೆ ಕೂತಿದೆ. ಹೇಗೆ ಕೂತಿತು? ಹೆಜ್ಜೆ ಬಿರುಸಾಯಿತು, ಕೂಗಲು ಅಲ್ಲ, ನೋಡಲು, ಮಗಳು ಓಣಿಯ ತಿರುವಿನಲ್ಲಿ ನಿಂತು ಯಾರದೋ ನಾಯಿಯ ತಲೆ ಸವರಿದಳು, ಇವಳು ಗೋಡೆಯ ಮಗ್ಗುಲಿಗೆ ಸರಿದಳು, ಕಳ್ಳಿಯ ಹಾಗೆ, ಹತ್ತು ಹೆಜ್ಜೆ, ಆರು ಹೆಜ್ಜೆ, ಈಗ ಕಾಣುತ್ತಿದೆ, ಕಂಕುಳಿನಿಂದ ಸೊಂಟದವರೆಗೆ ಹೊಲಿಗೆಯ ಪಕ್ಕದಲ್ಲೇ, ಒಂದು ಬೆರಳು ಈಚೆಗೆ, ತೂತುಗಳ ಒಂದು ಸಾಲು. ಸಣ್ಣ ಸಣ್ಣ ತೂತುಗಳು, ಇರುವೆಯ ಸಾಲಿನಂತೆ, ಸೂಜಿ ಒಮ್ಮೆ ಹೋಗಿ ದಾರ ಬಿಚ್ಚಿದ ಜಾಗ. ಅದು ಅವಳ ಹೊಲಿಗೆ ಇದ್ದ ಜಾಗ.

ಬಿಚ್ಚಿದ್ದಾರೆ. ಒಳಗೆ ಮಡಿಸಿಟ್ಟಿದ್ದ ಬಟ್ಟೆಯನ್ನೆಲ್ಲ ಬಿಟ್ಟು ಮತ್ತೆ ಹೊಲಿದಿದ್ದಾರೆ, ಹೆಗಲಲ್ಲೂ ಅದೇ ಸಾಲು, ತೋಳಿನ ಬುಡದಲ್ಲೂ, ಕಾಲರ್ ಬಿಟ್ಟು ಅವಳ ಸೂಜಿ ಹೋದ ಕಡೆಯೆಲ್ಲ ತೂತು, ಈ ಬಟ್ಟೆಯ ಜಾತಿಯೇ ಅಂಥದು, ಒತ್ತು ನೇಯ್ಗೆ, ಎಷ್ಟು ತೊಳೆದರೂ ಎಷ್ಟು ಇಸ್ತ್ರಿ ಹಾಕಿದರೂ ಸೂಜಿ ಹೋದ ಜಾಗ ಮುಚ್ಚುವುದಿಲ್ಲ. ಬೆಳೆಯುವ ಮಗುವಿಗೆ ವರ್ಷಕ್ಕೆ ಎರಡು ಬೆರಳು ಹೆಚ್ಚಿಗೆ, ಅದು ಮಾಸ್ಟರು ಕಲಿಸಿದ ಲೆಕ್ಕ, ಹೋದ ಸಲದ ಬಟ್ಟೆ ಸರಿಯಾಗಿ ಕೂತಿದ್ದರೆ ಅದಕ್ಕೆ ಎರಡು ಬೆರಳು ಸೇರಿಸು, ಅಷ್ಟೇ ಮಾಡಿದ್ದಳು, ಪ್ರತಿ ಸಲವೂ ಅಷ್ಟೇ, ಹೋದ ಸಲದ್ದು ಸರಿಯಾಗಿ ಕೂತಿತ್ತಲ್ಲ, ಭಾನುವಾರ ಫೋನಿನಲ್ಲಿ ಕಣ್ಣಾರೆ ಕಂಡಿದ್ದಳಲ್ಲ, ಫೋನನ್ನು ಮೇಜಿನ ಮೇಲೆ ನಿಲ್ಲಿಸಿ ಹಿಂದೆ ಸರಿ ಪುಟ್ಟಾ, ಇನ್ನೂ ಸ್ವಲ್ಪ, ತಿರುಗು, ಕೈ ಎತ್ತು, ಬಿಗಿಯಾಗ್ತಿದೆಯಾ? ಇಲ್ಲಮ್ಮ, ಸರಿಯಾಗಿದೆ. ಕಂಕುಳಲ್ಲಿ? ಸರಿಯಾಗಿದೆಯಮ್ಮ. ಹಿಂದಿನಿಂದ ತಂಗಿಯ ದನಿ, ಅಕ್ಕಾ ನಿನ್ನ ಕಣ್ಣಿಗೆ ದೃಷ್ಟಿ ತಗುಲೀತು, ಏಳು ಸಮುದ್ರದಾಚೆ ಕೂತು ಹೇಗೆ ಅಳೀತೀಯೇ ಮಾರಾಯ್ತಿ, ಕೋಣೆಯ ಮೂವರು ಹೆಂಗಸರು ಕೈ ತಟ್ಟುತ್ತಿದ್ದರು, ಅವರಿಗೆ ಭಾಷೆ ಬಾರದಿದ್ದರೂ ಬಟ್ಟೆ ಅರ್ಥವಾಗುತ್ತಿತ್ತು, ಅವರೂ ಮಕ್ಕಳನ್ನು ಬಿಟ್ಟು ಬಂದವರೇ, ಅವರಿಗೆಲ್ಲ ಇವಳ ಮೇಲೆ ಹೊಟ್ಟೆಕಿಚ್ಚು, ನಿನ್ನ ಮಗಳು ನಿನ್ನ ಕೈಯಳತೆಯಲ್ಲೇ ಇದ್ದಾಳೆ ಅನ್ನುತ್ತಿದ್ದರು, ಇವಳು ಹಿಗ್ಗುತ್ತಿದ್ದಳು. ತಾನು ನೋಡುತ್ತಿದ್ದದ್ದು ತಂಗಿ ಬಿಚ್ಚಿ ಹೊಲಿದ ಬಟ್ಟೆಯನ್ನು, ಎರಡು ಬೆರಳು ಸೇರಿಸುತ್ತಿದ್ದದ್ದು ತನ್ನ ಹಳೆಯ ತಪ್ಪು ಅಳತೆಗೆ, ಹಾಗಾದರೆ ವರ್ಷ ವರ್ಷವೂ ತಪ್ಪು ಬೆಳೆಯುತ್ತಲೇ ಬಂದಿದೆ, ಮಗಳ ಜೊತೆ ಜೊತೆಗೇ, ಒಂದೇ ಮನೆಯ ಎರಡು ಮಕ್ಕಳ ಹಾಗೆ — ಕೆಲಸ ಬಾರದವಳು ಮಾಡುವ ತಪ್ಪಲ್ಲ ಇದು, ಕೆಲಸ ಬಾರದವಳಾಗಿದ್ದರೆ ಅಳತೆ ಬರೆದು ಕಳಿಸಿ ಎಂದು ಕೇಳುತ್ತಿದ್ದಳು, ಕಣ್ಣಳತೆಯವಳು ಯಾರನ್ನು ಕೇಳಬೇಕು.

ಐದನೇ ವರ್ಷ, ಬೇಡ, ಅದು ನೆನಪಾಗಬಾರದು, ಆದರೆ ಬಂತು. ಐದನೇ ವರ್ಷ ರಜೆ ಮಂಜೂರಾಗಿತ್ತು, ಟಿಕೇಟೂ ಬಂದಿತ್ತು, ಆಗ ಸೂಪರ್‌ವೈಸರ್ ಕರೆದು ಹೇಳಿದ್ದಳು, ಕಾಲರ್ ಹೊಲಿಯುವ ಸಾಲಿನ ಮುಖ್ಯಸ್ಥೆಯ ಜಾಗ ಖಾಲಿಯಿದೆ, ಈಗ ನಿಂತರೆ ನಿನಗೆ, ಊರಿಗೆ ಹೋದರೆ ಇನ್ನೊಬ್ಬಳಿಗೆ, ನಾಳೆ ಬೆಳಿಗ್ಗೆ ಹೇಳು. ಇಡೀ ರಾತ್ರಿ ಅವಳು ಫೋನಿನಲ್ಲಿ ಆ ವಾರದ ಫೋಟೋ ನೋಡುತ್ತಾ ಕೂತಿದ್ದಳು, ಹಸಿರು ಫ್ರಾಕು, ಬಿಳಿ ಕಾಲರ್, ಹದಿನಾಲ್ಕು ವರ್ಷದ ಮಗಳು ಕೈಕಟ್ಟಿ ನಿಂತಿದ್ದಳು, ಎಲ್ಲೂ ಒಂದು ಸುಕ್ಕಿಲ್ಲ, ಎಲ್ಲೂ ಜಗ್ಗಿಲ್ಲ, ನಾನಿಲ್ಲದೆಯೂ ಎಲ್ಲ ಅಳತೆಗೆ ಸರಿಯಾಗಿ ನಡೆಯುತ್ತಿದೆ, ಇನ್ನೆರಡು ವರ್ಷ ತಾನೇ, ಆಮೇಲೆ ಒಮ್ಮೆಲೇ ಹೋಗಿ ಕರೆದುಕೊಂಡೇ ಬರುತ್ತೇನೆ ಎಂದು ಆ ಫೋಟೋಗೇ ಹೇಳಿ ಟಿಕೇಟು ವಾಪಸು ಕೊಟ್ಟಿದ್ದಳು. ಹೆಗಲಲ್ಲಿ ಒಂದೇ ಒಂದು ಸುಕ್ಕು ಕಂಡಿದ್ದರೆ, ಕೈ ಎತ್ತಿದಾಗ ಒಂದೇ ಒಂದು ಸಲ ಕಂಕುಳು ಹರಿದಿದ್ದರೆ, ಅಯ್ಯೋ ಮಗಳು ಬೆಳೆದುಬಿಟ್ಟಳಲ್ಲ ಎಂದು ಬರಿಗಾಲಲ್ಲಿ ಓಡಿ ಬರುತ್ತಿದ್ದಳು — ಬರುತ್ತಿದ್ದೆಯಾ? ನಿಜ ಹೇಳು. ಕೇಳುವವರು ಯಾರೂ ಇಲ್ಲ, ಓಣಿ ಖಾಲಿ, ನಿಜ ಹೇಳಿದರೆ ಯಾರೇನೂ ಅನ್ನುವುದಿಲ್ಲ. ಗೊತ್ತಿಲ್ಲ. ಆ ಜಾಗ ಬೇಕಿತ್ತು ಅವಳಿಗೆ, ಗಂಡ ಇನ್ನೊಬ್ಬಳ ಮನೆ ಸೇರಿದ ಮೇಲೆ ಮೊದಲ ಸಲ ಯಾರೋ ಇದು ನಿನಗೆ ಅಂದಿದ್ದರು, ಬೇಕೇ ಬೇಕಿತ್ತು, ಆ ಹಸಿರು ಫ್ರಾಕು ನೆಪಕ್ಕೆ ಸಿಕ್ಕಿತ್ತು, ನೆಪ ಅಷ್ಟು ಚೆನ್ನಾಗಿ ಹೊಲಿದಿದ್ದರೆ ಯಾರು ತಾನೇ ಒಳಮಗ್ಗುಲು ತಿರುವಿ ನೋಡುತ್ತಾರೆ. ತೂತುಗಳ ಸಾಲು ಮುಂದೆ ಮುಂದೆ ಹೋಗುತ್ತಿದೆ, ಹೆಜ್ಜೆಗೊಮ್ಮೆ ಬಾಗಿ, ಹೆಜ್ಜೆಗೊಮ್ಮೆ ನೇರವಾಗಿ.

ಮಗಳು ಅಂಗಡಿಯೊಳಗೆ ಹೋದಳು, ಅದೇ ಅಂಗಡಿ, ಹಿಂದೆ ಮನೆ ಮುಂದೆ ಅಂಗಡಿ, ಇವಳು ಬಾಗಿಲಲ್ಲಿ ನಿಂತಾಗ ಒಳಗೆ ಕತ್ತಲು, ಹೊರಗಿನ ಬಿಸಿಲಿಂದ ಬಂದ ಕಣ್ಣಿಗೆ ಕಾಣಿಸಿದ್ದು ಇಸ್ತ್ರಿ ಪೆಟ್ಟಿಗೆಯ ಕೆಂಪು ದೀಪವೊಂದೇ, ಬನ್ನಿ, ಕೂತ್ಕೊಳ್ಳಿ, ಚಿಕ್ಕಮ್ಮ ಬಂದ್ರು ಈಗ, ಅಂದಳು ಮಗಳು, ಬೆನ್ನು ತಿರುಗಿಸಿಕೊಂಡೇ, ಗಿರಾಕಿಗೆ ಹೇಳುವ ಹಾಗೆ, ನಯವಾಗಿ, ಮತ್ತೆ ತಿರುಗಿದಳು. ಅಮ್ಮಾ. ಕಣ್ಣು ಮುಚ್ಚುವ ಆಟ ಅಲ್ಲಿಗೆ ಮುಗಿಯಿತು, ಅಪ್ಪಿಕೊಂಡಾಗ ಮಗಳ ಗಲ್ಲ ಇವಳ ಹಣೆಗೆ ತಾಗಿತು, ಇಷ್ಟೆತ್ತರ, ಕೂದಲಿಗೆ ಯಾವುದೋ ಗೊತ್ತಿಲ್ಲದ ಸೋಪಿನ ವಾಸನೆ, ಇವಳ ಕೈ ತಾನಾಗಿಯೇ ಬೆನ್ನ ಮೇಲಿಂದ ಪಕ್ಕೆಗೆ ಇಳಿಯಿತು, ಬೆರಳ ತುದಿಗೆ ತೂತುಗಳು ಸಿಕ್ಕವು, ಒಂದಾದ ಮೇಲೊಂದು, ಕೈ ಹಿಂದಕ್ಕೆಳೆದುಕೊಂಡಳು. ಸಂಜೆ ಅಂದಿದ್ದೆ! ಪರದೆ ಸರಿಸಿ ತಂಗಿ ಬಂದಳು, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ, ಸಂಜೆ ಅಂದವಳು ಈಗಲೇ ಬಂದಿದ್ದೀಯ, ಬುದ್ಧಿ ಬಂದಿಲ್ಲ ನಿನಗೆ, ಮುಖ ನೋಡು ಹೇಗಾಗಿದೆ, ಅಲ್ಲಿ ಊಟ ಕೊಡ್ತಾರೋ ಬರೀ ದಾರ ತಿನ್ನಿಸ್ತಾರೋ, ಎಂದು ಸೂಜಿ ತೆಗೆದು ತೋಳಿಗೆ ಚುಚ್ಚಿಕೊಂಡು ನಕ್ಕಳು, ಅತ್ತಳು, ಮೂಗು ಒರೆಸಿಕೊಂಡಳು, ಹೋಗೇ ಚಿನ್ನಿ ಚಹಾ ಇಡು ಅಮ್ಮನಿಗೆ, ಸಕ್ಕರೆ ಒಂದೇ ಚಮಚ, ಅಂದಳು. ಎರಡು, ಅಂದಳು ಇವಳು. ಎರಡಾ? ಒಂದೇ ಅಲ್ವಾ ನಿಂದು. ಅಲ್ಲಿ ಹೋದ ಮೇಲೆ ಎರಡಾಯಿತು. ಮಗಳು ಇಬ್ಬರ ಮುಖವನ್ನೂ ನೋಡಿ ಒಳಗೆ ಹೋದಳು.

ಯಾವಾಗಿಂದ? ಅಂದಳು ಇವಳು. ಏನು ಯಾವಾಗಿಂದ? ಬಿಚ್ಚಿ ಹೊಲಿಯೋದು. ತಂಗಿ ಕೂತುಕೊಂಡಳು, ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ಸುಮ್ಮನೆ ಹಿಂದೆ ಮುಂದೆ ತಿರುಗಿಸಿದಳು, ಕಂಡುಬಿಡ್ತಾ, ಅಂದಳು, ಕಾಣದೆ ಇರುತ್ತಾ, ನಾನೇ ಹೇಳಿದ್ದೆ ಇವಳಿಗೆ ಅಮ್ಮ ಬರೋ ದಿನ ನೀಲೀದು ಹಾಕ್ಕೋಬೇಡ್ವೇ, ಅದರಲ್ಲಿ ತೂತು ಎದ್ದು ಕಾಣುತ್ತೆ ಅಂತ, ಕೇಳಲಿಲ್ಲ, ಅಮ್ಮನಿಗೆ ಖುಷಿಯಾಗುತ್ತೆ ಅಂದಳು, ನೀನು ಸಂಜೆ ಬಂದಿದ್ದರೆ ಅಷ್ಟೊತ್ತಿಗೆ ಹೇಗಾದರೂ ಬದಲಾಯಿಸಿಬಿಡ್ತಿದ್ದೆ. ಯಾವಾಗಿಂದ ಹೇಳೇ. ಮೊದಲನೆಯದರಿಂದಲೇ ಅಕ್ಕ. ಹಳದಿ, ಚಿಟ್ಟೆ ಗುಂಡಿಯದ್ದು, ತಲೆ ತೂರಿಸಿದಳು, ಹೆಗಲಲ್ಲಿ ಸಿಕ್ಕಿಕೊಂಡಿತು, ಅಳು, ಅಮ್ಮಂಗೆ ನಾನು ಮರೆತೇಹೋದೆನಾ ಚಿಕ್ಕಮ್ಮ ಅಂತ ಅಳು, ಏನು ಮಾಡಲಿ, ಇನ್ನು ಅರ್ಧ ಗಂಟೆಗೆ ನಿನ್ನ ಫೋನು, ಬಿಚ್ಚಿದೆ, ಹೊಲಿದೆ, ನಿಲ್ಲಿಸಿದೆ. ನೀನು ನೋಡಿ ಎಷ್ಟು ನಕ್ಕೆ ಗೊತ್ತಾ ಅವತ್ತು, ಹೋದ ಮೇಲೆ ಮೊದಲನೇ ಸಲ ನಕ್ಕಿದ್ದೆ. ಆಮೇಲೆ ನಿಲ್ಲಿಸೋದು ಹೇಗೆ ಹೇಳು. ಹಸಿರು? ಅಂದಳು ಇವಳು, ಕೇಳಬಾರದೆಂದುಕೊಂಡೇ ಕೇಳಿದಳು. ತಂಗಿ ನೆಲ ನೋಡಿದಳು, ಹಸಿರು ಬಿಚ್ಚಿದರೂ ಸಾಲಲಿಲ್ಲ, ಅದೇ ಬಣ್ಣದ ಬಟ್ಟೆ ಹುಡುಕಿ ತಂದು ಹೊಸದೇ ಹೊಲಿದೆ, ಕಾಲರ್ ಮಾತ್ರ ನಿಂದೇ ಹಚ್ಚಿದೆ, ಕಾಲರ್ ಚೆನ್ನಾಗಿ ಹೊಲೀತೀಯ ಅಕ್ಕ, ಅಷ್ಟು ಚೆನ್ನಾಗಿ ನನಗೆ ಬರಲ್ಲ. ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು, ಯಾರು ಹೊಡೆದದ್ದೆಂದು ಮಾತ್ರ ತಿಳಿಯಲಿಲ್ಲ, ಎದುರಿಗೆ ಕೂತವಳು ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ, ಏಳು ವರ್ಷ ತನ್ನ ಮಗಳಿಗೆ ಹೊಟ್ಟೆಗೂ ಮೈಗೂ ಕಮ್ಮಿಯಾಗದಂತೆ ನೋಡಿಕೊಂಡವಳು, ಬೈಯಬೇಕೆಂದರೆ ಯಾವ ಬಾಯಲ್ಲಿ ಬೈಯುವುದು, ಹೇಳಬಾರದಿತ್ತೇನೇ ನನಗೆ ಅಂದಳು. ಹೇಳಿದ್ರೆ ಅಲ್ಲಿ ಒಬ್ಬಳೇ ಕೂತು ಅಳ್ತಿದ್ದೆ. ಅಳಲಿ ಅಂತ ಬಿಡಬೇಕಿತ್ತು ಕಣೇ. ಹ್ಞೂಂ, ಈಗ ಹೇಳು, ಅಂದಳು ತಂಗಿ, ಆ ದನಿಯಲ್ಲಿ ಕೋಪವೂ ಇರಲಿಲ್ಲ, ಆಮೇಲೆ ಸೆರಗೋ ಟವೆಲೋ ಏನು ಸಿಕ್ಕಿತೋ ಅದರಲ್ಲಿ ಮುಖ ಒತ್ತಿಕೊಂಡು ಹೇಳಿದಳು, ಅವಳ ಬಟ್ಟೆ ಎಲ್ಲಾ ಒಗೆದು ಮಡಿಸಿಟ್ಟಿದ್ದೀನಿ, ಚಳಿಗೆ ಕೋಟು ಒಂದು ಬೇಕು, ಅದನ್ನ ನೀನೇ ಹೊಲಿ ಅಕ್ಕ, ನಾನು ಮುಟ್ಟಲ್ಲ, ಅಳತೆ ತಗೊಂಡು ಹೊಲಿ.

ಅಳತೆ ತಗೊಂಡು. ಚಹಾ ಬಂತು, ಸಕ್ಕರೆ ಒಂದೂವರೆ ಚಮಚದ ರುಚಿ, ಮಗಳು ನಡುವೆ ನಿಂತು ಹಾಕಿದ್ದಾಳೆ. ಇವಳು ಗೋಡೆಯ ಮೊಳೆಯಿಂದ ಟೇಪು ತೆಗೆದುಕೊಂಡಳು, ಬಾ ಪುಟ್ಟಾ, ನಿಲ್ಲು ಅಂದಳು, ಮಗಳು ಬಂದು ನಿಂತಳು, ಹೇಗೆ ನಿಲ್ಲಬೇಕೋ ಹಾಗೆ, ಕೈ ಒಂದಿಷ್ಟು ಎತ್ತಿ, ದರ್ಜಿಯ ಮನೆಯ ಮಗಳಲ್ಲವೇ, ಇವಳು ಟೇಪನ್ನು ಎದೆಯ ಸುತ್ತ ತಂದಳು, ಮೂವತ್ತನಾಲ್ಕೂವರೆ, ಇಲ್ಲ, ಅದು ಸರಿಯಾದ ಅಳತೆಯಲ್ಲ, ಮಗಳು ಉಸಿರು ಬಿಗಿಹಿಡಿದಿದ್ದಾಳೆ. ಹೊಸ ಗಿರಾಕಿಗಳು ಹಾಗೇ, ಅಪರಿಚಿತರ ಕೈ ಮೈಗೆ ತಾಗಿದರೆ ಉಸಿರು ತನ್ನಷ್ಟಕ್ಕೆ ನಿಲ್ಲುತ್ತದೆ, ಆಗ ಏನಾದರೂ ಮಾತಾಡಿಸಬೇಕು, ಮನೆಯದು, ಶಾಲೆಯದು, ಉಸಿರು ಬಿಟ್ಟಾಗ ಅಳತೆ ಓದಬೇಕು, ಹೊಸಬರ ವಿಷಯದಲ್ಲಿ ಅವಳಿಗೆ ಮಾತಿಗೆ ಬರವಿರಲಿಲ್ಲ, ಈಗ ಏನು ಕೇಳಲಿ, ಬಲಗೈಯಲ್ಲಿ ದಿನವೂ ಏನು ಹೊರುತ್ತೀಯ ಎಂದು ಕೇಳಲೇ, ಆ ನಾಯಿ ಯಾರದು ಎಂದು ಕೇಳಲೇ, ಹಿಂಬಾಲಿಸಿದ್ದು ಗೊತ್ತಾಗುತ್ತದೆ. ಅಮ್ಮಾ, ಅಂದಳು ಮಗಳೇ, ಹಿಡಿದಿಟ್ಟ ಉಸಿರಿನಲ್ಲೇ, ಸಹಿ ಎಲ್ಲಿ ಹಾಕ್ಬೇಕು, ಚಿಕ್ಕಮ್ಮ ಹೇಳಿದ್ರು, ಪೆನ್ನಿದೆ ನನ್ನ ಹತ್ತಿರ. ಮೆಷಿನ್ನಿನ ಸದ್ದು ನಿಂತಿತು, ಅದು ಶುರುವಾದದ್ದೂ ಇವಳಿಗೆ ಕೇಳಿಸಿರಲಿಲ್ಲ. ನಿನಗೆ ಬರೋಕೆ ಇಷ್ಟ ಇದೆಯಾ? ನೀನು ಕರೆದ್ರೆ ಬರ್ತೀನಿ. ನಾನು ಕರೆಯೋದು ಬಿಡು, ನಿನಗೆ? ಅಲ್ಲಿ ಸರಿಹೋಗುತ್ತೆ ಬಿಡಮ್ಮ, ಅಂದಳು ಮಗಳು, ಸರಿಹೋಗುತ್ತೆ, ಆ ದನಿ ಇವಳಿಗೆ ಗೊತ್ತು, ಏಳು ವರ್ಷದ ಭಾನುವಾರಗಳ ದನಿ ಅದು, ಕಂಕುಳಲ್ಲಿ ಬಿಚ್ಚಿ ಹೊಲಿದದ್ದನ್ನು ಹೇಳದೆ ಕೈ ಎತ್ತಿ ನಗುವ ದನಿ, ಈ ಹುಡುಗಿ ಏನು ಕೊಟ್ಟರೂ ತೊಡುತ್ತಾಳೆ, ಆ ಚಳಿಯ ದೇಶವನ್ನೂ ತೊಡುತ್ತಾಳೆ, ನಾಲ್ವರ ಕೋಣೆಯನ್ನೂ ತೊಡುತ್ತಾಳೆ, ಸರಿಯಾಗಿದೆಯಮ್ಮ ಅನ್ನುತ್ತಾಳೆ, ಬಿಚ್ಚಿ ಹೊಲಿಯುವವರು ಅಲ್ಲಿ ಯಾರಿದ್ದಾರೆ. ಹೆಗಲ ಮೇಲಿನ ಚೀಲ ಇನ್ನೂ ಕೆಳಗಿಟ್ಟಿಲ್ಲ, ಅದರೊಳಗಿನ ಲಕೋಟೆ ಇವಳ ಪಕ್ಕೆಗೆ ಒತ್ತುತ್ತಿದೆ, ಗಡುಸಾಗಿ, ಕಾಗದ ಪೆಟ್ಟಿಗೆಯಲ್ಲಿದೆ, ಅಂದಳು, ಪೆಟ್ಟಿಗೆ ಇನ್ನೂ ಬಂದಿಲ್ಲ ಪುಟ್ಟಾ, ಬೇರೆ ವಿಮಾನದಲ್ಲಿ ಹೋಗಿಬಿಟ್ಟಿದೆ, ಸಿಗುತ್ತೋ ಇಲ್ಲವೋ, ನೋಡೋಣ.

ಟೇಪು ಸಡಿಲವಾಯಿತು. ಮಗಳು ಉಸಿರು ಬಿಟ್ಟಿದ್ದಳು, ಒಮ್ಮೆಲೇ, ತನಗೇ ಗೊತ್ತಿಲ್ಲದೆ, ಒಂದೂವರೆ ಇಂಚು, ಮೂವತ್ತಮೂರು, ಬಾಯಿ ಅಯ್ಯೋ ಪಾಪ ಸಿಗುತ್ತಮ್ಮ ಅನ್ನುತ್ತಿದೆ, ಎದೆ ಮಾತ್ರ ಇಳಿದಿದೆ, ಟೇಪು ಹಿಡಿದ ಬೆರಳಿಗೆ ಅದು ಗೊತ್ತಾಯಿತು, ಮೂವತ್ತಮೂರು, ಬರೆದುಕೊಳ್ಳಬೇಕು, ಸೊಂಟ ನೋಡಬೇಕು, ತೋಳು ನೋಡಬೇಕು, ಕೋಟು ಹೊಲಿಯಬೇಕು, ಎಲ್ಲಿಗೆ ಕೋಟು, ಆದರೂ ಹೊಲಿಯಬೇಕು, ಇಪ್ಪತ್ತು ದಿನವಿದೆ, ಕೈ ಮುಂದೆ ಹೋಗುತ್ತಿಲ್ಲ, ಎತ್ತಿದ ತೋಳಿನ ಕೆಳಗೆ ಕಣ್ಣ ನೇರಕ್ಕೇ ಆ ಸಾಲು, ಬಾಗಿಲ ಬೆಳಕು ಓರೆಯಾಗಿ ಬಿದ್ದು ಒಂದೊಂದು ತೂತಿಗೂ ಒಂದೊಂದು ಚೂರು ನೆರಳು, ತನ್ನದೇ ಸೂಜಿ, ಭಾನುವಾರದ ಸೂಜಿ, ಮಂಚದ ಅಂಚಿನಲ್ಲಿ ಕೂತು ಒಂದೂ ತಪ್ಪದಂತೆ ಹಾಕಿದ ಹೊಲಿಗೆ, ಎಷ್ಟು ನೇರವಾಗಿದೆ, ಎಷ್ಟು ಸಮವಾಗಿದೆ, ಒಂದು ತೂತು, ಅದರ ಪಕ್ಕ ಒಂದು ತೂತು, ಅದರ ಪಕ್ಕ ಒಂದು, ದಾರವಿಲ್ಲ, ಒಂದು, ಒಂದು —